ಹೆಸರಿನ ಮುಂದೆ ಒಂದು ಊರು

ಗುಬ್ಬಿ ಪೇಟೆಯಲ್ಲಿ ನಿಂತು ‘ಗುಬ್ಬಿಯವರೇ’ ಎಂದು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿರುವವರೆಲ್ಲ ಗುಬ್ಬಿಯವರೇ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ತುಮಕೂರಿಗೆ ಬಂದು ಅದೇ ಮಾತು ಹೇಳಿ, ಒಬ್ಬರಾದರೂ ತಿರುಗುತ್ತಾರೆ. ಬೆಂಗಳೂರಿಗೆ ಹೋಗುವಷ್ಟರಲ್ಲಿ ಆ ಒಬ್ಬರಿಗೆ ಅದೇ ಹೆಸರಾಗಿಬಿಟ್ಟಿರುತ್ತದೆ. ಊರಿನ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ಅವನು ಊರ ಬಾಗಿಲು ದಾಟಿದ ಮೇಲೆ.

ಇಷ್ಟು ಸರಳವಾದ ಸಂಗತಿಯನ್ನು ನಮ್ಮ ವಿಮರ್ಶೆ ಗಮನಿಸಿದ್ದು ಕಡಿಮೆ. ನಾವು ಕೃತಿಯ ಶೀರ್ಷಿಕೆಯನ್ನು ಓದುತ್ತೇವೆ, ಕವಿಯ ಅಂಕಿತವನ್ನು ಓದುತ್ತೇವೆ, ಅರ್ಪಣೆಯ ಪುಟವನ್ನೂ ಬಿಡುವುದಿಲ್ಲ. ಲೇಖಕನ ಹೆಸರಿನ ಮುಂದೆ ಕೂತಿರುವ ಊರನ್ನು ಮಾತ್ರ ವಿಳಾಸವೆಂದುಕೊಂಡು ದಾಟಿಬಿಡುತ್ತೇವೆ. ಆದರೆ ಗುಬ್ಬಿ, ಕುಣಿಗಲ್, ತುಮಕೂರು ಎಂಬ ಮೂರು ಊರುಗಳ ಹೆಸರು ಹೊತ್ತವರನ್ನೂ ಅವುಗಳ ಸುತ್ತಲಿನ ಹಳ್ಳಿಗಳ ಹೆಸರು ಹೊತ್ತವರನ್ನೂ ಸಾಲಾಗಿ ನಿಲ್ಲಿಸಿದರೆ ಕನ್ನಡ ಸಾಹಿತ್ಯದ ಒಂದು ಸಣ್ಣ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಯಾರಿಗೆ ಊರು ಹೆಸರಾಗಿ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದೂ ಅದರೊಳಗೆ ಸೇರಿದೆ.

ಈ ಸೀಮೆಯಲ್ಲಿ ಅಪರಿಚಿತರು ಎದುರಾದರೆ ಹಿರಿಯರು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು ‘ಯಾವೂರಾಯ್ತಪ್ಪ?’ ಆಮೇಲೆ ‘ಯಾರ ಮಗ?’ ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ, ಸ್ವಲ್ಪ ತಡೆದು, ದನಿ ತಗ್ಗಿಸಿ, ‘ಯಾವ ಜನ?’ ಹಳೇ ಮೈಸೂರಿನ ಇನಿಷಿಯಲ್ಲುಗಳನ್ನು ಬಿಡಿಸಿ ನೋಡಿದರೆ ಅವು ಈ ಪ್ರಶ್ನಾವಳಿಯ ಮೊದಲೆರಡು ಪ್ರಶ್ನೆಗಳಿಗೆ ಬರೆದಿಟ್ಟ ಉತ್ತರಗಳು. ಜಿ.ಎಚ್. ವೀರಣ್ಣ ಎಂದರೆ ಗುಬ್ಬಿಯ ಹಂಪಣ್ಣನವರ ಮಗ ವೀರಣ್ಣ. ತೀ.ನಂ. ಶ್ರೀಕಂಠಯ್ಯ ಎಂದರೆ ತೀರ್ಥಪುರದ ನಂಜುಂಡಯ್ಯನವರ ಮಗ ಶ್ರೀಕಂಠಯ್ಯ. ಮೂರನೆಯ ಪ್ರಶ್ನೆಗೆ ಇನಿಷಿಯಲ್ಲಿನಲ್ಲಿ ಜಾಗವಿಲ್ಲ. ಜಾಗವಿಲ್ಲದಿರುವುದರ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಗುಬ್ಬಿಯಿಂದಲೇ ಹೊರಡೋಣ. 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ಬರೆದ ಕವಿಯನ್ನು ನಾವು ಗುಬ್ಬಿಯ ಮಲ್ಲಣಾರ್ಯ ಎನ್ನುತ್ತೇವೆ. ಇಲ್ಲಿ ಷಷ್ಠೀ ವಿಭಕ್ತಿಯನ್ನು ಗಮನಿಸಬೇಕು. ‘ಗುಬ್ಬಿ ಮಲ್ಲಣಾರ್ಯ’ ಅಲ್ಲ, ‘ಗುಬ್ಬಿಯ’ ಮಲ್ಲಣಾರ್ಯ. ಊರು ಇನ್ನೂ ಹೆಸರಾಗಿಲ್ಲ, ಕವಿ ಊರಿನ ಸೊತ್ತು. ಈ ಗುರುತು ಬೇಕಾದದ್ದಕ್ಕೂ ಕಾರಣವಿದೆ. ಮಲ್ಲಣ, ಮಲ್ಲಿಕಾರ್ಜುನ ಎಂಬ ಹೆಸರುಗಳು ವೀರಶೈವ ಕವಿಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದೇ ಗುಬ್ಬಿಯಲ್ಲಿ ಹಿಂದಿನ ತಲೆಮಾರಿನ ಇನ್ನೊಬ್ಬ ಮಲ್ಲಣನಿದ್ದ. ‘ಗಣಭಾಷ್ಯ ರತ್ನಮಾಲೆ’ ಅವನದು. ಒಂದೇ ಊರಿನ ಇಬ್ಬರನ್ನು ಬೇರೆ ಮಾಡಲು ಊರಿನ ಹೆಸರು ಸಾಲದೆ, ಒಬ್ಬನಿಗೆ ‘ಆರ್ಯ’ ಸೇರಿಸಿ ಸಾಹಿತ್ಯ ಚರಿತ್ರಕಾರರು ನಿಭಾಯಿಸಬೇಕಾಯಿತು.

ಕನ್ನಡದಲ್ಲಿ ಕವಿಗೆ ಮಾತ್ರವಲ್ಲ, ಕಾವ್ಯಕ್ಕೂ ಹೀಗೆ ಊರು ಅಂಟಿದೆ. ಭಾರತಗಳು ಹಲವು, ರಾಮಾಯಣಗಳು ಹಲವು. ಆದ್ದರಿಂದ ನಾರಣಪ್ಪನದು ಗದುಗಿನ ಭಾರತ, ನರಹರಿಯದು ತೊರವೆ ರಾಮಾಯಣ. ಕವಿಗಳಿಬ್ಬರೂ ತಮ್ಮನ್ನು ವ್ಯಾಸ ವಾಲ್ಮೀಕಿಯರ ಮಕ್ಕಳೆಂದು, ಕುಮಾರವ್ಯಾಸ ಕುಮಾರವಾಲ್ಮೀಕಿಗಳೆಂದು ಕರೆದುಕೊಂಡರು. ಓದುಗರು ಮಾತ್ರ ಆ ಎತ್ತರದ ವಂಶವೃಕ್ಷದಿಂದ ಕಾವ್ಯವನ್ನು ಇಳಿಸಿ ಊರಿಗೆ ಕಟ್ಟಿಹಾಕಿದರು. ಈ ಹಟ ನನಗೆ ಇಷ್ಟ. ಊರ ಹೆಸರೂ ಪೂರ್ತಿ ವಿಳಾಸವಲ್ಲವೆನ್ನಿ: ಜೈಮಿನಿ ಭಾರತದ ಲಕ್ಷ್ಮೀಶನ ದೇವನೂರು ಕಡೂರಿನ ಕಡೆಯದು, ‘ಕುಸುಮಬಾಲೆ’ ಬರೆದ ದೇವನೂರ ಮಹಾದೇವರದು ನಂಜನಗೂಡಿನ ಕಡೆಯದು. ಎರಡನ್ನೂ ಒಂದೇ ಊರೆಂದುಕೊಂಡ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನೋಡಿದ್ದೇನೆ.

ಕುಣಿಗಲ್ ಸೀಮೆಗೆ ಬಂದರೆ ಇನ್ನೂ ಸ್ವಾರಸ್ಯದ ಸಂಗತಿ ಸಿಗುತ್ತದೆ. ಎಡೆಯೂರಿನಲ್ಲಿ ಐಕ್ಯರಾದ ಸಿದ್ಧಲಿಂಗರನ್ನು ಭಕ್ತರು ಎಡೆಯೂರು ಸಿದ್ಧಲಿಂಗೇಶ್ವರ ಎನ್ನುತ್ತಾರೆ. ಸಾಹಿತ್ಯ ಚರಿತ್ರೆ ತೋಂಟದ ಸಿದ್ಧಲಿಂಗ ಎನ್ನುತ್ತದೆ. ಎಡೆಯೂರೂ ಅವರು ತೋಟದಲ್ಲಿ ತಪಸ್ಸಿಗೆ ಕೂತ ಕಗ್ಗೆರೆಯೂ ಕುಣಿಗಲ್ ತಾಲ್ಲೂಕಿನವೇ. ‘ಷಟ್‌ಸ್ಥಲ ಜ್ಞಾನಸಾರಾಮೃತ’ದ 701 ವಚನಗಳಲ್ಲಿ ಅವರು ಬಳಸಿದ ಅಂಕಿತ ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’. ಅಷ್ಟು ಉದ್ದದ, ಗುರುಲಿಂಗಗಳನ್ನೆಲ್ಲ ಒಳಗೊಂಡ ಅಂಕಿತವನ್ನು ಬಿಟ್ಟು ಜನ ಆರಿಸಿಕೊಂಡದ್ದು ಒಂದು ತೋಟವನ್ನು. ಆ ತೋಟ ಕಗ್ಗೆರೆಯಲ್ಲಿ ಉಳಿಯಲಿಲ್ಲ. ಪರಂಪರೆಯ ಜೊತೆ ಬಡಗಣಕ್ಕೆ ನಡೆದು ಡಂಬಳ ಗದುಗಿನ ತೋಂಟದಾರ್ಯ ಮಠದ ಹೆಸರಾಯಿತು. ಗದುಗಿನಲ್ಲಿ ಆ ಹೆಸರನ್ನು ಉಚ್ಚರಿಸುವವರಲ್ಲಿ ಎಷ್ಟೋ ಜನ ಕಗ್ಗೆರೆಯನ್ನು ಕಂಡಿರಲಾರರು. ಸರ್‌ನೇಮ್ ಎಂಬುದು ಹುಟ್ಟುವ ಬಗೆ ಇದೇ. ಒಬ್ಬರ ವಿಳಾಸ ಮುಂದಿನವರಿಗೆ ವಂಶದ ಗುರುತಾಗುತ್ತದೆ. ಆ ಜಾಗವನ್ನು ನೋಡಿರಬೇಕಾದ ಅಗತ್ಯ ಯಾರಿಗೂ ಇರುವುದಿಲ್ಲ.

ಅದೇ ಕುಣಿಗಲ್ 20ನೆಯ ಶತಮಾನದ ಆರಂಭದಲ್ಲಿ ಒಂದು ಪುಸ್ತಕದ ಶೀರ್ಷಿಕೆಗೂ ಬಂತು. ಎಂ.ಎಸ್. ಪುಟ್ಟಣ್ಣನವರ ‘ಕುಣಿಗಲ ರಾಮಶಾಸ್ತ್ರಿಗಳ ಚರಿತ್ರೆ’ ಹೊಸಗನ್ನಡದ ಮೊದಲ ಜೀವನಚರಿತ್ರೆಗಳಲ್ಲೊಂದು. ರಾಜರ, ಸಂತರ ಕಥೆಗಳಿಗೆ ಒಗ್ಗಿದ್ದ ಕನ್ನಡ ಗದ್ಯ ಮೈಸೂರಿನ ಒಬ್ಬ ಸಂಸ್ಕೃತ ವಿದ್ವಾಂಸನ ಬದುಕನ್ನು ಪುಸ್ತಕವಾಗಿಸುವಾಗ ಅವನ ಊರನ್ನು ಶೀರ್ಷಿಕೆಯ ತಲೆಯಲ್ಲೇ ಇಟ್ಟಿತು. ರಾಮಶಾಸ್ತ್ರಿಗಳು ನೂರಾರು ಮಂದಿ ಇದ್ದಿರಬಹುದು. ಇವರು ಯಾರೆಂದು ತಿಳಿಯಲು ಕುಣಿಗಲ್ ಬೇಕು. ಪಾಂಡಿತ್ಯ ಅರಮನೆಯ ಪಟ್ಟಣದಲ್ಲಿ ಮನ್ನಣೆ ಪಡೆಯಿತು, ಹೆಸರು ಮಾತ್ರ ಕೆರೆಯ ಊರಿನದೇ ಉಳಿಯಿತು. ಕುಣಿಗಲ್ ಎಂದರೆ ಸಾಮಾನ್ಯ ಕನ್ನಡಿಗರಿಗೆ ನೆನಪಾಗುವುದು ಜನಪದರು ಹಾಡಿದ ಆ ಕೆರೆ. ಶಾಸ್ತ್ರಿಗಳ ಪುಸ್ತಕವನ್ನು ಇವತ್ತು ಹುಡುಕಿ ಓದಬೇಕು, ಕೆರೆಯ ಹಾಡು ಎಲ್ಲರ ಬಾಯಲ್ಲೂ ಇದೆ.

ಮತ್ತೆ ಗುಬ್ಬಿಗೆ. ಒಮ್ಮೆ ತರಗತಿಯಲ್ಲಿ ಉತ್ತರ ಕರ್ನಾಟಕದ ಒಬ್ಬ ವಿದ್ಯಾರ್ಥಿನಿ, ‘ಅವರು ಅಷ್ಟು ಸಣ್ಣಕ್ಕಿದ್ದರೇನು, ಗುಬ್ಬಿ ಅಂತ ಯಾಕೆ ಕರೆದರು?’ ಎಂದು ಕೇಳಿದ್ದಳು. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಅವಳ ಕಡೆ ಅಡ್ಡಹೆಸರು ಎಂದರೆ ಸರ್‌ನೇಮು. ನಮ್ಮ ಕಡೆ ಅಡ್ಡಹೆಸರು ಎಂದರೆ ಗೆಳೆಯರು ಇಟ್ಟ ತಮಾಷೆಯ ಹೆಸರು. ಒಂದೇ ಪದ, ಎರಡು ಅರ್ಥ. ಈ ಅಂತರದ ನಡುವೆ ಗುಬ್ಬಿ ವೀರಣ್ಣನವರ ‘ಗುಬ್ಬಿ’ ಎಲ್ಲಿ ನಿಲ್ಲುತ್ತದೆ?

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಗುಬ್ಬಿ ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘ ಶುರುವಾದದ್ದು 1884ರಲ್ಲಿ. ಅಂದರೆ ‘ಗುಬ್ಬಿ’ ಎಂಬುದು ಮೊದಲು ಕಂಪನಿಯ ಹೆಸರು, ಆಮೇಲೆ ಮನುಷ್ಯನ ಹೆಸರು. ಊರಿನ ಹೆಸರು ನೇರವಾಗಿ ಅವರಿಗೆ ಬರಲಿಲ್ಲ. ಗಾಡಿಗಳ ಮೇಲೆ, ರೈಲಿನಲ್ಲಿ, ಪರದೆಗಳ ಮೇಲೆ ಊರೂರು ಸುತ್ತಿ, ಬೇರೆ ಊರಿನವರ ಬಾಯಲ್ಲಿ ‘ಗುಬ್ಬಿ ಕಂಪನಿ’ಯಾಗಿ ಪಳಗಿದ ಮೇಲೆ ಬಂತು. ಹಿಂದಿನ ‘ಗುಬ್ಬಿಯ’ ಎಂಬ ಷಷ್ಠೀ ಇಲ್ಲಿ ಉದುರಿದೆ. ಮಲ್ಲಣಾರ್ಯ ಊರಿನ ಸೊತ್ತಾಗಿದ್ದರೆ, ವೀರಣ್ಣನವರ ವಿಷಯದಲ್ಲಿ ಊರೇ ಅವರ ಸೊತ್ತಾಗಿಬಿಟ್ಟಿತು. ಗುಬ್ಬಿಯನ್ನು ಒಮ್ಮೆಯೂ ನೋಡದವರು ‘ಸದಾರಮೆ’ಯ ಕಳ್ಳನನ್ನು ನೋಡಿದ್ದರು. ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಬಂದದ್ದನ್ನು ಕಂಡವರು ಮನೆಗೆ ಹೋಗಿ ಹೇಳಿದ್ದು ಗುಬ್ಬಿಯವರ ಆನೆ ಎಂದೇ ಇರಬೇಕು.

ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಕಲೆಯೇ ಕಾಯಕ’. ಅದರಲ್ಲಿ ಊರಿಲ್ಲ, ವಂಶವಿಲ್ಲ, ಕೆಲಸವಿದೆ. ವಚನಕಾರರ ಕಾಲದಿಂದ ಬಂದ ಪದವದು. 12ನೆಯ ಶತಮಾನದ ಶರಣರ ಹೆಸರುಗಳನ್ನು ನೆನೆಯಿರಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ. ಹೆಸರಿನ ಮುಂದೆ ಊರಿನ ಜಾಗದಲ್ಲಿ ಕಾಯಕ ಕೂತಿದೆ. ಹಿರಿಯರು ದನಿ ತಗ್ಗಿಸಿ ಕೇಳುವ ಮೂರನೆಯ ಪ್ರಶ್ನೆಗೆ ಶರಣರು ದನಿ ಎತ್ತರಿಸಿ ಮೊದಲೇ ಉತ್ತರ ಕೊಟ್ಟುಬಿಟ್ಟರು. ಕಂಪನಿ ನಾಟಕದ ವೀರಣ್ಣನವರು ಹೆಸರಿನ ಮುಂದೆ ಊರನ್ನೂ ಪುಸ್ತಕದ ಮೇಲೆ ಕಾಯಕವನ್ನೂ ಇಟ್ಟರು. ಎರಡು ಪರಂಪರೆಗಳು ಅಲ್ಲಿ ಕೂಡಿವೆ ಎಂದು ನನ್ನ ಓದು.

ಕಂಪನಿಯ ಒಳಗೆ ನೋಡಿದರೆ ಅದೊಂದು ಊರುಗಳ ಸಂತೆ. ನಾಟಕ ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಬೆಳ್ಳಾವೆ ತುಮಕೂರಿನ ಪಕ್ಕದ್ದು. 1934ರ ‘ಸತಿ ಸುಲೋಚನ’ಕ್ಕೂ, ಅಂದರೆ ಕನ್ನಡದ ಮೊದಲ ಮಾತಿನ ಚಿತ್ರಕ್ಕೂ, ಸಾಹಿತ್ಯ ಅವರದೇ. ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ ಹುಡುಗ ಬಾಬುಕೋಡಿ ವೆಂಕಟರಮಣ ಕಾರಂತ, ಮುಂದೆ ಬಿ.ವಿ. ಕಾರಂತರಾದಾಗ ಬಾಬುಕೋಡಿ ಒಂದು ಅಕ್ಷರಕ್ಕೆ ಕುಗ್ಗಿತು. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಇನಿಷಿಯಲ್ಲಿನಲ್ಲಿ ಊರನ್ನು ಇಟ್ಟುಕೊಂಡವರ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿಯ ನಟರು. ಅವರ ಮಗ ಮುತ್ತುರಾಜ. 1954ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲಿ ಗುಬ್ಬಿಯವರ ಪಾಲೂ ಇತ್ತು. ಆ ಚಿತ್ರದಲ್ಲಿ ಮುತ್ತುರಾಜ ರಾಜಕುಮಾರನಾದ, ಸಿಂಗಾನಲ್ಲೂರು ಹಿಂದೆ ಉಳಿಯಿತು. ರಂಗಭೂಮಿ ಊರನ್ನು ಹೆಸರಿನ ಮುಂದೆ ಮೆರೆಸಿತು, ಬೆಳ್ಳಿತೆರೆ ಅದನ್ನು ಕಳಚಿತು. ಸಿನಿಮಾ ಎಲ್ಲ ಊರಿನವರಿಗೂ ಬೇಕಾಗಿತ್ತು, ಒಂದು ಊರಿನ ನಾಯಕ ಅದಕ್ಕೆ ಸಾಲದು.

ಮನೆಯ ಹೆಣ್ಣುಮಕ್ಕಳ ಹೆಸರುಗಳಲ್ಲಿ ಈ ‘ಗುಬ್ಬಿ’ ಏನಾಯಿತು? ಮಗಳು ಜಿ.ವಿ. ಮಾಲತಮ್ಮನವರಲ್ಲಿ ಅದು ಒಂದಕ್ಷರವಾಗಿ ಉಳಿಯಿತು. ಮೊಮ್ಮಗಳು ಬಿ. ಜಯಶ್ರೀಯವರ ಹೆಸರಿನಲ್ಲಿ ಇಲ್ಲ. ಆದರೆ ಜಯಶ್ರೀಯವರನ್ನು ಪರಿಚಯಿಸುವ ಯಾವ ಬರಹವೂ ‘ಗುಬ್ಬಿ ವೀರಣ್ಣನವರ ಮೊಮ್ಮಗಳು’ ಎಂದು ಹೇಳದೆ ಮುಗಿಯುವುದಿಲ್ಲ. ಹೆಸರಿನಲ್ಲಿ ಇಲ್ಲದ ಊರು ಪರಿಚಯದ ವಾಕ್ಯದಲ್ಲಿ ಬಂದು ಕೂರುತ್ತದೆ. ನಮ್ಮ ಪದ್ಧತಿಯಲ್ಲಿ ಊರು ಗಂಡಸಿನ ಹೆಸರಿನ ಮುಂದೆ ನಿಂತಷ್ಟು ಸಲೀಸಾಗಿ ಹೆಂಗಸಿನ ಮುಂದೆ ನಿಂತಿಲ್ಲ. ಹುಟ್ಟಿದ ಊರನ್ನು ಬಿಟ್ಟೇ ಬದುಕಬೇಕಾದವಳು ಹೆಣ್ಣೇ ಆಗಿದ್ದರೂ. ಊರು ಬಿಟ್ಟವರಿಗೆ ಊರಿನ ಹೆಸರು ಎಂಬ ನನ್ನ ಸೂತ್ರ ಇಲ್ಲಿ ಮುಗ್ಗರಿಸುತ್ತದೆ. ಅವಳ ಊರು ತವರಾಗುತ್ತದೆ, ಹೆಸರಾಗುವುದಿಲ್ಲ.

ಬಡಗಣ ಕರ್ನಾಟಕದಲ್ಲಿ ಊರು ಹೆಸರಿನ ಹಿಂದೆ ಕೂರುತ್ತದೆ, ಮತ್ತು ಗಟ್ಟಿಯಾಗಿ ಕೂರುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಧಾರವಾಡದ ಹತ್ತಿರದ ಮನ್ಸೂರಿನವರೇ. ಆದರೆ ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ವಿನಾಯಕ ಕೃಷ್ಣ ಗೋಕಾಕ ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ. ಹಳೇ ಮೈಸೂರಿನ ಪದ್ಧತಿಯಂತೆ ನಡೆದಿದ್ದರೆ ಅವರು ಸವಣೂರು ವಿನಾಯಕರಾಯರಾಗುತ್ತಿದ್ದರು. ಹಿಂದಿನವರು ಬಿಟ್ಟುಬಂದ ಊರು ಹೆಸರಿನ ಬಾಲದಲ್ಲಿ ಉಳಿದು, 1980ರ ದಶಕದ ಆರಂಭದಲ್ಲಿ ಒಂದು ವರದಿಗೆ, ಆಮೇಲೆ ಒಂದು ಚಳವಳಿಗೆ ಹೆಸರಾಯಿತು. ಗೋಕಾಕ ಚಳವಳಿಗೂ ಗೋಕಾಕ ಪಟ್ಟಣಕ್ಕೂ ಇರುವ ನಂಟು ಒಂದು ಮನೆತನದ ಹೆಸರು ಮಾತ್ರ. ಆ ಚಳವಳಿಯ ಮುಂಚೂಣಿಯಲ್ಲಿ ನಡೆದವರು ಸಿಂಗಾನಲ್ಲೂರನ್ನು ಕಳಚಿಟ್ಟ ರಾಜಕುಮಾರ್.

ಗೋಕಾಕರ ಹೆಸರನ್ನು ಯೋಚಿಸುವಾಗಲೆಲ್ಲ ನನಗೆ ಇನ್ನೊಬ್ಬ ಕವಿ ನೆನಪಾಗುತ್ತಾನೆ, ಸ್ಪೇನಿನ ಲೋರ್ಕಾ. ಪೂರ್ತಿ ಹೆಸರು ಫೆದೆರಿಕೋ ಗಾರ್ಸಿಯಾ ಲೋರ್ಕಾ. ಸ್ಪೇನಿನವರಿಗೆ ಎರಡು ಮನೆತನದ ಹೆಸರು: ಮೊದಲನೆಯದು ಅಪ್ಪನದು, ಎರಡನೆಯದು ಅಮ್ಮನದು. ಲೋರ್ಕಾ ಎಂಬುದು ಅವನ ಅಮ್ಮನ ಕಡೆಯ ಹೆಸರು, ಅದೇ ಹೆಸರಿನ ಊರು ಮುರ್ಸಿಯಾ ಪ್ರಾಂತ್ಯದಲ್ಲಿದೆ. ಕವಿ ಹುಟ್ಟಿದ್ದು ಅಲ್ಲಲ್ಲ, ಗ್ರಾನಾಡಾ ಪಕ್ಕದ ಫುಯೆಂತೆ ವಾಕೇರೋಸ್ ಎಂಬ ಹಳ್ಳಿಯಲ್ಲಿ. ಹಾಗಾದರೆ ಅಪ್ಪನ ಹೆಸರು ಬಿಟ್ಟು ಅವನನ್ನು ಲೋರ್ಕಾ ಎನ್ನುವುದೇಕೆ? ಉತ್ತರ ಜನಸಂಖ್ಯೆಯಲ್ಲಿದೆ. ಸ್ಪೇನಿನ ಅಂಕಿಅಂಶ ಸಂಸ್ಥೆ ಮನೆತನದ ಹೆಸರುಗಳ ಲೆಕ್ಕ ಪ್ರಕಟಿಸುತ್ತದೆ. ಅದರಲ್ಲಿ ಗಾರ್ಸಿಯಾ ಮೊದಲ ಸ್ಥಾನದ್ದು, ಅಪ್ಪನ ಕಡೆಯಿಂದ ಆ ಹೆಸರು ಪಡೆದವರೇ 14 ಲಕ್ಷಕ್ಕೂ ಹೆಚ್ಚು. ಅಷ್ಟು ಜನರ ಹೆಸರು ಯಾರ ಹೆಸರೂ ಅಲ್ಲ. ಗುಬ್ಬಿ ಪೇಟೆಯಲ್ಲಿ ‘ಗುಬ್ಬಿಯವರೇ’ ಎಂದ ಹಾಗೆ. ಆದ್ದರಿಂದ ಅಪರೂಪದ ಊರ ಹೆಸರು ಮುಂದೆ ಬಂತು.

ಕನ್ನಡ ವಿಮರ್ಶಕರು ‘ಮಾರ್ಕ್ವೆಜ್’ ಎಂದು ಬರೆಯುವ ಲೇಖಕನ ಅಪ್ಪನ ಹೆಸರೂ ಗಾರ್ಸಿಯಾ. ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್‌ನಲ್ಲಿ ನಾವು ಉಳಿಸಿಕೊಂಡಿರುವುದು ಅವನ ತಾಯಿಯ ಮನೆತನವನ್ನು. ನೂರು ವರ್ಷಗಳ ಏಕಾಂತದ ಬಗ್ಗೆ ನೂರು ಲೇಖನ ಬರೆದ ನಾವು ಇದನ್ನು ಬೇಕೆಂದು ಮಾಡಿದ್ದಲ್ಲ. ಸರ್‌ನೇಮ್ ಎಂದರೆ ಕೊನೆಯಲ್ಲಿ ಬರುವುದು ಎಂಬ ಇಂಗ್ಲಿಷ್ ಅಭ್ಯಾಸ ಮಾಡಿಸಿದೆ.

ಸ್ಪೇನಿನ ಊರ ಹೆಸರುಗಳಿಗೆ ಕತ್ತಲಿನ ಮಗ್ಗುಲೂ ಇದೆ. ಟೊಲೇಡೋ, ಮೆಡೀನಾ ಮುಂತಾದ ಊರಿನ ಹೆಸರು ಹೊತ್ತವರೆಲ್ಲ ಒಂದು ಕಾಲಕ್ಕೆ ಮತಾಂತರಗೊಂಡ ಯಹೂದಿಗಳೇ ಎಂಬ ನಂಬಿಕೆ ಇಂದಿಗೂ ಚಾಲ್ತಿಯಲ್ಲಿದೆ. ಹಳೆಯ ಕ್ರೈಸ್ತರಲ್ಲೂ ಇಂಥ ಹೆಸರುಗಳು ಧಾರಾಳವಾಗಿದ್ದವು, ಆದ್ದರಿಂದ ಅದು ಪೂರ್ತಿ ನಿಜವಲ್ಲ. ನಂಬಿಕೆ ಹುಟ್ಟಿದ ಬಗೆ ಮುಖ್ಯ. 1449ರಲ್ಲಿ ಟೊಲೇಡೋ ನಗರದಲ್ಲೇ ಮತಾಂತರಗೊಂಡವರ ಸಂತತಿಯನ್ನು ನಗರದ ಅಧಿಕಾರ ಸ್ಥಾನಗಳಿಂದ ದೂರವಿಡುವ ಶಾಸನ ಬಂತು. ರಕ್ತದ ಶುದ್ಧಿ ಕೇಳುವ ಸಮಾಜದಲ್ಲಿ ಊರಿನ ಹೆಸರು ಒಂದು ಮರೆ. ಮರೆ ಇರುವುದರಿಂದಲೇ ಅದರ ಹಿಂದೆ ಏನೋ ಇದೆ ಎಂಬ ಅನುಮಾನ. ಇನ್ನು ಹೆಸರಿನ ಜನಸಂಖ್ಯೆಗೂ ರಕ್ತಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಫಿಲಿಪೀನ್ಸ್ ಸಾಕು. 1849ರಲ್ಲಿ ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಒಂದು ಹೆಸರುಗಳ ಪಟ್ಟಿಯನ್ನು ಮುದ್ರಿಸಿ ಜನರಿಗೆ ಹಂಚಿದ. ಜನ ಅದರಿಂದ ಪಡೆದ ಹೆಸರುಗಳನ್ನೇ ಇಂದಿಗೂ ಹೊತ್ತಿದ್ದಾರೆ. ನಮ್ಮ ಮಂಗಳೂರಿನ ಪಿಂಟೋ, ಲೋಬೋಗಳೂ ದೀಕ್ಷಾಸ್ನಾನದಲ್ಲಿ ಪೋರ್ಚುಗೀಸರಿಂದ ಬಂದ ಹೆಸರುಗಳು, ಲಿಸ್ಬನ್ನಿನ ರಕ್ತವಲ್ಲ.

ಮರೆ ಎಂದೆ. ತುಮಕೂರು ಸೀಮೆಯ ಇನಿಷಿಯಲ್ಲುಗಳಲ್ಲಿ ಮೂರನೆಯ ಪ್ರಶ್ನೆಗೆ ಜಾಗವಿಲ್ಲದಿರುವುದು ಅಂಥದೇ ಮರೆಯೇ? ಒಂದು ಮಟ್ಟಿಗೆ ಹೌದು. ಈ ಕಡೆಯ ಅಪ್ಪ, ಅಯ್ಯ, ಅಣ್ಣಗಳನ್ನು ನಂಬಿ ಜಾತಿ ಹೇಳಲಾಗದು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀರ್ಥಪುರದ ಶ್ರೀಕಂಠಯ್ಯನವರೂ ಅಯ್ಯ, ಕುಣಿಗಲ್ಲಿಗೆ ಅಂಟಿಕೊಂಡ ಮಾಗಡಿ ಸೀಮೆಯಲ್ಲಿ ಹುಟ್ಟಿದ ದಲಿತ ಕವಿ ಸಿದ್ಧಲಿಂಗಯ್ಯನವರೂ ಅಯ್ಯ. ಆದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳದಿರದು. ಶ್ರೀಕಂಠಯ್ಯನವರ ಮೊದಲ ಅಕ್ಷರ ಊರು. ಸಿದ್ಧಲಿಂಗಯ್ಯನವರು ಕವಿಯಾಗಿ ಪ್ರಸಿದ್ಧರಾದದ್ದು ಊರಿಲ್ಲದ ಒಂಟಿ ಹೆಸರಿನಲ್ಲಿ. ಊರು ಅವರ ಆತ್ಮಕಥೆಯ ಶೀರ್ಷಿಕೆಗೆ ಬಂತು, ಬರುವಾಗ ಒಂಟಿಯಾಗಿ ಬರಲಿಲ್ಲ: ‘ಊರುಕೇರಿ’. ಊರು ಯಾರದು, ಕೇರಿ ಯಾರದು ಎಂಬ ಗೆರೆಯನ್ನು ಎಳೆದು ತೋರಿಸಿದ ಮೇಲೆ ಊರಿನ ಹೆಸರನ್ನು ವಿಳಾಸವೆಂದು ಮುಗ್ಧವಾಗಿ ಓದಲು ಬರುವುದಿಲ್ಲ.

ಕುವೆಂಪು ಈ ಗೆರೆಯನ್ನು ಪಾತ್ರಗಳ ಹೆಸರಿನಲ್ಲೇ ಕಂಡಿದ್ದರು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಒಡೆಯರಿಗೆಲ್ಲ ಮನೆಯ, ಊರಿನ ಹೆಸರು ಮುಂದಿದೆ. ಸಿಂಬಾವಿ ಭರಮೈಹೆಗ್ಗಡೆ, ಬೆಟ್ಟಳ್ಳಿ ಕಲ್ಲಯ್ಯಗೌಡ. ಆ ಸಿಂಬಾವಿಯ ಜೀತದಾಳು ಗುತ್ತಿಗೂ ಒಂದು ಮುಂದಿನ ಹೆಸರಿದೆ. ಅದು ಸಿಂಬಾವಿ ಅಲ್ಲ. ಅವನ ಬೆನ್ನಿಗೇ ಇರುವ ಹುಲಿಯ ಎಂಬ ನಾಯಿಯಿಂದಾಗಿ ಅವನು ನಾಯಿಗುತ್ತಿ. ನೆಲ ಇದ್ದವನಿಗೆ ನೆಲದ ಹೆಸರು, ನೆಲವಿಲ್ಲದವನಿಗೆ ಜೊತೆಗಿರುವ ನಾಯಿಯ ಹೆಸರು. ಕಾದಂಬರಿಯ ಬಗ್ಗೆ ಬಂದಿರುವ ರಾಶಿ ವಿಮರ್ಶೆಯಲ್ಲಿ ಗುತ್ತಿ ತಿಮ್ಮಿಯರ ಪ್ರೀತಿಗೆ, ಹುಲಿಯನ ಸಾವಿಗೆ ಪುಟಗಟ್ಟಲೆ ಸಿಕ್ಕಿದೆ. ಹೆಸರಿಡುವ ಈ ವ್ಯವಸ್ಥೆಗೂ ಅಷ್ಟೇ ಗಮನ ಸಲ್ಲಬೇಕಿತ್ತು. ಇದು ಕುವೆಂಪು ಕಟ್ಟಿದ ವ್ಯಂಗ್ಯವಲ್ಲ, ಮಲೆನಾಡು ಹಾಗೆಯೇ ಕರೆಯುತ್ತಿತ್ತು. ಅವರು ತಿದ್ದದೆ ಬರೆದರು.

ಅದಕ್ಕೇ ದೇವನೂರ ಮಹಾದೇವ ಎಂಬ ಹೆಸರು ನನಗೆ ಬೇರೆಯಾಗಿ ಕೇಳುತ್ತದೆ. ಮೂಡ್ನಾಕೂಡು ಚಿನ್ನಸ್ವಾಮಿ ಎಂಬುದೂ ಹಾಗೆಯೇ. ಕೇರಿಯನ್ನು ಆಚೆ ಇಟ್ಟ ಊರುಗಳಿಂದ ಬಂದವರು ಇಡೀ ಊರಿನ ಹೆಸರನ್ನು ತಮ್ಮದಾಗಿಸಿಕೊಂಡಾಗ, ನೂರಾರು ಮೈಲಿ ದೂರದ ಓದುಗರಿಗೆ ಆ ಊರು ಅವರ ಮೂಲಕವೇ ಗೊತ್ತಾಗುತ್ತದೆ. ದೇವನೂರು ಎಂದರೆ ಈಗ ಮಹಾದೇವರ ಊರು. ಮಹಾದೇವರು ಷಷ್ಠೀ ವಿಭಕ್ತಿಯನ್ನು ಉಳಿಸಿಕೊಂಡಿದ್ದಾರೆ ಎಂಬುದು ಕಾಕತಾಳೀಯವಿರಬಹುದು. ನನಗೆ ಅದು ಗುಬ್ಬಿಯ ಮಲ್ಲಣಾರ್ಯನ ಕಾಲದ ವ್ಯಾಕರಣ ಮರಳಿ ಬಂದ ಹಾಗೆ ಕಾಣುತ್ತದೆ, ಈ ಸಲ ಬೇರೆಯವರ ಬಾಯಲ್ಲಿ.

ತುಮಕೂರು ಜಿಲ್ಲೆಯ ಇಬ್ಬರು ಲೇಖಕರನ್ನು ಪಕ್ಕಪಕ್ಕ ಇಟ್ಟರೆ ಪದ್ಧತಿ ಬದಲಾಗುತ್ತಿರುವುದೂ ಕಾಣುತ್ತದೆ. ಶಿರಾ ತಾಲ್ಲೂಕಿನ ಬರಗೂರಿನಿಂದ ಬಂದವರು ಬರಗೂರು ರಾಮಚಂದ್ರಪ್ಪ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನಿಂದ ಬಂದವರು ನಟರಾಜ್ ಹುಳಿಯಾರ್. ಬರಗೂರು ಮುಂದೆ, ಹುಳಿಯಾರು ಹಿಂದೆ. ಹಿಂದೆ ಹೋದ ಹುಳಿಯಾರು ಉಕಾರ ಕಳೆದುಕೊಂಡು ‘ಹುಳಿಯಾರ್’ ಆಗಿ ಮೊಟಕಾಗಿದೆ, ಹೊಸ ಕಾಲದ ಸರ್‌ನೇಮಿನ ಸದ್ದು ಮಾಡುತ್ತದೆ.

ಈ ಹೆಸರುಗಳು ಎಷ್ಟು ಜನರಿಗಿವೆ ಎಂಬ ಲೆಕ್ಕ ಸ್ಪೇನಿನಲ್ಲಿ ಸಿಕ್ಕಂತೆ ನಮ್ಮಲ್ಲಿ ಸಿಗದು. ನಮ್ಮ ಜನಗಣತಿ ಸರ್‌ನೇಮುಗಳನ್ನು ಎಣಿಸಿ ಪ್ರಕಟಿಸುವುದಿಲ್ಲ. ಎಣಿಸಹೊರಟರೂ ತುಮಕೂರಿನಲ್ಲಿ ಏನನ್ನು ಎಣಿಸುವುದು? ಜಿ ಎಂಬ ಅಕ್ಷರ ಗುಬ್ಬಿಯೂ ಆಗಬಹುದು, ಗೌಡನೂ ಆಗಬಹುದು, ಗಂಗಣ್ಣನೆಂಬ ಅಪ್ಪನೂ ಆಗಬಹುದು. ಲೆಕ್ಕಕ್ಕೆ ಸಿಗದಿರುವುದೇ ಈ ಪದ್ಧತಿಯ ಗುಣ. ಈಗ ಅದು ತೊಂದರೆಯೂ ಹೌದು. ಪಾಸ್‌ಪೋರ್ಟಿನ, ಹೊರದೇಶದ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಸರ್‌ನೇಮಿನ ಖಾನೆ ಎದುರಾಗುತ್ತದೆ. ಇನಿಷಿಯಲ್ಲಿನ ಒಂದಕ್ಷರ ಅಲ್ಲಿ ಸಲ್ಲುವುದಿಲ್ಲ, ಬಿಡಿಸಿ ಬರೆಯಬೇಕು. ನನ್ನ ವಿದ್ಯಾರ್ಥಿಗಳು ಅಂಥ ಅರ್ಜಿ ತುಂಬುವಾಗ ಮೂರು ದಾರಿ ಹಿಡಿದದ್ದನ್ನು ನೋಡಿದ್ದೇನೆ. ಹೆಚ್ಚಿನವರು ಅಪ್ಪನ ಹೆಸರು ಬರೆಯುತ್ತಾರೆ. ಕೆಲವರು ಮನೆಯಲ್ಲಿ ಯಾರೂ ಬಳಸದಿದ್ದ ಜಾತಿಯ ಹೆಸರೊಂದನ್ನು ಹೊಸದಾಗಿ ಸೇರಿಸುತ್ತಾರೆ; ದನಿ ತಗ್ಗಿಸಿ ಕೇಳುತ್ತಿದ್ದ ಮೂರನೆಯ ಪ್ರಶ್ನೆಗೆ ಅಚ್ಚಿನಲ್ಲಿ ಉತ್ತರ. ಇದು ಹೆಚ್ಚುತ್ತಿದೆ ಎಂಬುದು ನನ್ನ ಅನಿಸಿಕೆ, ಮತ್ತು ನನಗೆ ಇದರಿಂದ ಕಸಿವಿಸಿಯಾಗುತ್ತದೆ. ಶರಣರು ಕಾಯಕವನ್ನು ಮುಂದಿಟ್ಟಾಗ ಅದು ಕೀಳೆಂದವರಿಗೆ ಸವಾಲಾಗಿತ್ತು. ಈ ಹೊಸ ಬಾಲಗಳಲ್ಲಿ ಸವಾಲಿಲ್ಲ, ಬಲದ ಪ್ರದರ್ಶನವಿದೆ. ಇನ್ನು ಕೆಲವರು, ತೀರ ಕೆಲವರು, ಊರನ್ನು ಬರೆಯುತ್ತಾರೆ. ಕುಣಿಗಲ್ ಕಡೆಯ ಹಳ್ಳಿಯ ಹುಡುಗನೊಬ್ಬ ಯಾವುದನ್ನು ಬರೆಯಲಿ ಎಂದು ಕೇಳಿದ. ನಿನ್ನ ಹಳ್ಳಿಯ ಹೆಸರು ಬರೆ ಎಂದೆ. ‘ಅದು ತುಂಬಾ ಉದ್ದ ಸಾರ್, ಸ್ಪೆಲಿಂಗೂ ನಮ್ಮ ಆಧಾರ್‌ನಲ್ಲಿ ಒಂದು ಥರ, ಪಂಚಾಯ್ತಿ ಬೋರ್ಡಿನಲ್ಲಿ ಒಂದು ಥರ ಇದೆ’ ಎಂದ. ಕೊನೆಗೆ ಕುಣಿಗಲ್ ಎಂದೇ ಬರೆದುಕೊಂಡ. ಕುಣಿಗಲ್ಲಿನಲ್ಲಿ ಅವನು ಒಂದು ದಿನವೂ ವಾಸ ಮಾಡಿದವನಲ್ಲ, ಬಸ್ಸು ಬದಲಿಸಿದ್ದಾನೆ ಅಷ್ಟೆ.

ಸ್ಪೆಲಿಂಗಿನ ಮಾತು ಬಂದದ್ದರಿಂದ ಒಂದು ಸಂಗತಿ. 2014ರ ನವೆಂಬರ್ 1ರಂದು ಸರ್ಕಾರ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿತು, ‘ಟುಮ್ಕೂರ್’ ತುಮಕೂರಾಯಿತು. ಬೋರ್ಡುಗಳು ಬದಲಾದವು, ರೈಲ್ವೆಯ ಫಲಕ ಬದಲಾಯಿತು. ಆದರೆ ಊರಿನ ಹೆಸರನ್ನು ಸರ್‌ನೇಮಾಗಿಸಿಕೊಂಡು ಊರು ಬಿಟ್ಟವರ ದಾಖಲೆಗಳಿಗೆ ಆ ಆದೇಶ ತಲುಪುವುದಿಲ್ಲ. ಎಲ್ಲೋ ಒಂದು ಪರದೇಶದ ಟಪಾಲು ಡಬ್ಬಿಯ ಮೇಲೆ, ಆ ಹಳೆಯ ಕಾಗುಣಿತದಲ್ಲೇ, ಒಂದು ‘ಟುಮ್ಕೂರ್’ ಕುಟುಂಬದ ಹೆಸರು ಅಂಟಿರಬಹುದು. ಅವರ ಮಕ್ಕಳು ಅದನ್ನು ‘ಟಮ್‌ಕರ್’ ಎಂದು ಉಚ್ಚರಿಸುತ್ತಿರಲೂಬಹುದು.